ಚುಕ್ಕಿ ಕಾಣುವ ಮಾಡು

ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ಅವರು ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಬೆರಳ ಸಂದಿಯಿಂದ ನುಸುಳಿದ ಬೆಳಕು ಅವರ ಉದ್ದ ಮೂಗಿನ ಮೇಲೆ ಬೀಳುತ್ತಿತ್ತು.

ಬೀದರಿನ ನಮ್ಮ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದ ಅವರನ್ನು ಓಣಿಯೆಲ್ಲ ‘ಸಿಸ್ಟರ್ ಬಾಯಿ’ ಎನ್ನುತ್ತಿತ್ತು. ಕೊಂಕಣ ಸೀಮೆಯ ಯೆಹೂದಿ ಮನೆತನ, ಮನೆಮಾತು ಮರಾಠಿ. ಭಾಲ್ಕಿಯ ದವಾಖಾನೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾಗಿದ್ದರು. ವರ್ಷದ ಒಂದು ಹಬ್ಬವನ್ನೂ ತಪ್ಪಿಸಿದವರಲ್ಲ. ಹೊಸ ವರ್ಷಕ್ಕೆ ಜೇನಿನಲ್ಲಿ ಅದ್ದಿದ ಸೇಬು ನನಗೂ ಸಿಗುತ್ತಿತ್ತು. ಉಪವಾಸದ ದಿನ ಮಾತ್ರ ಅವರ ಬಾಗಿಲು ಮುಚ್ಚಿರುತ್ತಿತ್ತು. ಹೀಬ್ರೂ ಪ್ರಾರ್ಥನೆ ಮುಗಿದ ಮೇಲೆ ತಾವೇ ಕಟ್ಟಿದ ಎರಡು ಸಾಲು ಹೇಳುವುದು ಅವರ ರೂಢಿ. ಮೊದಮೊದಲು ಮರಾಠಿಯಲ್ಲಿ, ಆಮೇಲೆ ನಮ್ಮ ಮಾತಿನಲ್ಲೇ.

“ಹಳೇ ಮಾತೇ ಕೇಳಿ ಕೇಳಿ ದೇವರಿಗೂ ಬ್ಯಾಸರಾಗಿರ್ತದರಿ,” ಎಂದು ನಗುತ್ತಿದ್ದರು.

ಉಪವಾಸದ ಬೆನ್ನಿಗೇ ಗುಡಿಸಲ ಹಬ್ಬ. ವಾರವಿಡೀ ಊಟ ಗುಡಿಸಲೊಳಗೇ ಆಗಬೇಕು. ಅಪ್ಪ ಸಾಯಗಾಂವದ ಹೊಲದಿಂದ ಜೋಳದ ಒಣದಂಟು, ಕಣಕಿ ತಂದು ಮಾಳಿಗೆಯ ಮೇಲೆ ಗುಡಿಸಲು ಹೊದಿಸಿಕೊಡುತ್ತಿದ್ದ. ಮೊದಲ ವರ್ಷ ಮೋಡ ನೋಡಿದವನೇ, ಪಾಪ ನೆನೆದಾರು ಎಂದು, ಅದರ ಮೇಲೆ ತಾಡಪತ್ರಿಯನ್ನೂ ಬಿಗಿದುಬಿಟ್ಟ.

ಬಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತರು. “ಅಣ್ಣಾ, ಭಾಳ ಛಲೋ ಮಾಡೀರಿ. ಆದ್ರ ಇದ್ರಾಗ ಕೂತ್ರ ನಮ್ಮ ಹಬ್ಬ ಆಗಂಗಿಲ್ಲ. ಮಾಡಿನ್ಯಾಗಿಂದ ಚುಕ್ಕಿ ಕಾಣಬೇಕ್ರಿ.”

“ಮಳಿ ಬಂದ್ರ?”

“ಒಳಗ ಓಡಿ ಹೋಗೂದು.”

ಅಪ್ಪ ತಾಡಪತ್ರಿ ಬಿಚ್ಚಿದ. ಸೋರುವ ಮಾಡನ್ನು ಬೇಕೆಂದೇ ಕಟ್ಟಿಸಿಕೊಳ್ಳುವವರನ್ನು ಅವನು ಮೊದಲ ಸಲ ನೋಡಿದ್ದ.

ಹೋದ ವರ್ಷ ಅವರಿಗೆ ಎದ್ದು ನಡೆಯುವುದೂ ಕಷ್ಟವಾಗಿತ್ತು. ಥಂಡಿ ತಾಗಬಾರದು ಎಂದಿದ್ದರು ಡಾಕ್ಟರು. ಬಾಯಿಯದು ಒಂದೇ ಹಟ: “ಇದೊಂದ್ ಸಲ ಗುಡಸಲದಾಗ ಕೂಡ್ತೇನಿ.” ನಾನೂ ಅಪ್ಪನೂ ಕುರ್ಚಿ ಸಮೇತ ಎತ್ತಿ ಕೂರಿಸಿದೆವು. ಮೋಡ ಕವಿದಿತ್ತು. ಅಪ್ಪ ಮಡಿಸಿದ ತಾಡಪತ್ರಿಯನ್ನು ಕಂಕುಳಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದ.

“ಅದನ್ನ ಕೆಳಗಿಟ್ಟು ನೀವೂ ಬರ್ರಿ ಅಣ್ಣಾ,” ಎಂದರು. ರೊಟ್ಟಿ ಮುರಿದು ನಮಗೂ ಕೊಟ್ಟರು. ಪ್ರಾರ್ಥನೆ ಮುಗಿಸಿ ತಮ್ಮ ಎರಡು ಸಾಲು ಹೇಳಿದರು:

“ಮಾಡಿಗಿ ಸಂದಿ ಇರಲಿ ದೇವಾ, ಮನಸಿಗಿ ಅಗಳಿ ಬ್ಯಾಡ;
ಯಾರ ಬಂದರೂ ಸರದು ಕೂಡಲಿಕ್ಕಿ ಜಾಗ ಇರಲಿ.”

ತಟ್ಟೆಯ ಮೇಲೆ ಹನಿ ಬಿತ್ತು. “ಈಗ ಒಳಗ ನಡೀರಿ. ಮಳಿ ಕೂಡ ನಮ್ದೇನ್ ಜಗಳಿಲ್ಲ,” ಎಂದರು. ಅಷ್ಟು ಖುಷಿಯಾಗಿ ಅವರನ್ನು ನಾನು ಮತ್ತೆ ಕಾಣಲಿಲ್ಲ. ಬೇಸಿಗೆಗೆ ಬರುವ ಅವರ ಇನ್ನೊಂದು ಹಬ್ಬಕ್ಕೆ ಮೊದಲೇ ಹೋಗಿಬಿಟ್ಟರು.

ಈ ಸಲ ಯಾರೂ ಹೇಳದಿದ್ದರೂ ಅಪ್ಪ ಕಣಕಿ ತಂದು ಗುಡಿಸಲು ಕಟ್ಟಿದ. ನನಗೆ ಹೀಬ್ರೂ ಬಾರದು. ಅವರ ಎರಡು ಸಾಲನ್ನಷ್ಟೇ ಹೇಳಿದೆ. ಅಪ್ಪ ಕುರ್ಚಿಯ ಮೇಲೆ ಹತ್ತಿ, ಕಣಕಿಯನ್ನು ಒಂದಿಷ್ಟು ಸರಿಸಿದ.

“ದಟ್ಟ ಆಗಿತ್ತು,” ಎಂದ. “ಬಾಯಿಯವರು ಬೈತಿದ್ರು.”