ಒಂದೇ ರಾಶಿಯ ರೊಟ್ಟಿ

ಮುದಗಲ್ಲಿನ ಕೋಟೆಯೊಳಗೆ ಹುಟ್ಟಿದ ಮೈಮುನಾಬಿ ಸಂತೆಕಲ್ಲೂರಿಗೆ ಸೊಸೆಯಾಗಿ ಬಂದಾಗ ಆಕೆಗೆ ಜೋಳದ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಹಿಟ್ಟು ಕೈಗಂಟಿದರೆ ಅತ್ತೆ ಬಾಯಿಗೆ ಬಂದದ್ದು ಅನ್ನುತ್ತಿದ್ದಳು. ಬಡಿಯಲು ಕಲಿಸಿದವಳು ಗೋಡೆಯಾಚೆಯ ಗ್ಯಾನಮ್ಮ. ಗುರುವಿಗಿಂತ ಶಿಷ್ಯೆಯ ರೊಟ್ಟಿಯೇ ತೆಳ್ಳಗಾಯಿತು. ಗುರು ಮಾತ್ರ ವರ್ಷ ವರ್ಷವೂ ದಪ್ಪಗಾದಳು.

ಊರೂಟವೆಂದರೆ ಇಲ್ಲಿ ಮನೆಮನೆಯಿಂದ ಕಡಕ್ ರೊಟ್ಟಿ ಬರಬೇಕು. ಸಮುದಾಯ ಭವನದಲ್ಲಿ ಬಿಳಿ ಧೋತರ ಹಾಸಿ ಎಲ್ಲವನ್ನೂ ಒಂದೇ ರಾಶಿ ಹಾಕುತ್ತಾರೆ. ರಾಶಿಗೆ ಬಿದ್ದ ರೊಟ್ಟಿ ಯಾರದೆಂದು ಕೇಳುವುದು ಅಸಹ್ಯ. ಸೊಸೆಯ ಹೆಸರು ರೇಷನ್ ಕಾರ್ಡಿಗೆ ಯಾವಾಗಲಾದರೂ ಏರಲಿ, ಆಕೆಯ ರೊಟ್ಟಿ ರಾಶಿಗೆ ಬಿದ್ದ ದಿನವೇ ಆಕೆ ಊರಿನವಳು. ಗಂಡ ರಾಜೇಸಾಬ್ ಸತ್ತ ವರ್ಷವೂ ಮೈಮುನಾಬಿ ರೊಟ್ಟಿ ತಪ್ಪಿಸಿರಲಿಲ್ಲ.

ಈ ಜನವರಿಯಲ್ಲಿ ಗಣರಾಜ್ಯೋತ್ಸವಕ್ಕೆ ‘ಹಂಚಿಕೊಂಡ ಮೌಲ್ಯಗಳ ಸಮಾವೇಶ’, ಜೊತೆಗೆ ಊರೂಟ ಎಂದಾಯಿತು. ಹಂಚು ಎಂದರೆ ರೊಟ್ಟಿ ಬೇಯಿಸುವ ಕಾವಲಿಯೂ ಹೌದು, ಪಾಲು ಮಾಡುವುದೂ ಹೌದು. ಸಮಿತಿಯವರು ಹೆಂಗಸರಿಗೆ ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ತಾವಿಟ್ಟುಕೊಂಡರು. ಅಧ್ಯಕ್ಷ ಬಸವಲಿಂಗ ಹಿಂದಿನ ದಿನ ಮೈಮುನಾಬಿಯ ಬಾಗಿಲಿಗೇ ಬಂದ.

“ಚಿಗವ್ವ, ದೇಶ ಅಂದ್ರ ಬರೇ ಮಣ್ಣಲ್ಲ, ಮೌಲ್ಯ. ನಮ್ಮೆಲ್ಲಾರ ಮೌಲ್ಯ ಒಂದ ಐತಿ. ಅದಕ್ಕ ಈ ಸಲ ನೀ ರೊಟ್ಟಿ ಕೊಡಬ್ಯಾಡ.”

“ಯಾಕಪಾ, ನನ್ನ ರೊಟ್ಟ್ಯಾಗ ಏನ್ ಬಂತು?”

“ರೊಟ್ಟ್ಯಾಗ ಏನಿಲ್ಲಬೇ. ಹೊರಗಿನ ಮಂದಿ ಬರ್ತಾರ. ನಿನಗೂ ತ್ರಾಸ ಕಡಿಮಿ.”

ಇದನ್ನು ಕೇಳಿ ಗ್ಯಾನಮ್ಮ ಗೋಡೆಯ ಮೇಲಿಂದಲೇ ಉಗಿದಳು. “ಅವನ ಮೌಲ್ಯಕ್ಕ ಬೆಂಕಿ ಹಚ್ಚ! ನಿನ್ನವು ನನ್ನ ಬುಟ್ಟ್ಯಾಗ ಹಾಕು. ರಾಶಿಗೇನ್ ಕಣ್ಣ ಅದಾವೇನ?”

ಮರುದಿನ ಎರಡೂ ಮನೆಯ ರೊಟ್ಟಿ ಒಂದೇ ಬುಟ್ಟಿಯಲ್ಲಿ ಹೋಗಿ ರಾಶಿಗೆ ಬಿದ್ದವು. ಮೈಮುನಾಬಿ ಭವನದ ಬಾಗಿಲಲ್ಲಿ ನಿಂತು ಕಣ್ಣು ತುಂಬ ನೋಡಿದಳು. ಲಿಂಗಸುಗೂರಿನಿಂದ ಬಂದ ಭಾಷಣಕಾರ ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದ.

“ಆಹಾ! ಹಪ್ಪಳ ನಾಚಬೇಕು. ಯಾವ ತಾಯಿಯ ಕೈ ಇದು?”

ಹೊಗಳಿಕೆಗೆ ಗ್ಯಾನಮ್ಮ ಉಬ್ಬಿದಳು. “ನಮ್ಮ ಮೈಮುನಾಂದ್ರೀ! ನಾನ ಕಲಿಸೀನಿ.”

ಭಾಷಣಕಾರ ರೊಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟು ಕರವಸ್ತ್ರದಿಂದ ಬೆರಳು ಒರೆಸಿಕೊಂಡ. ಗ್ಯಾನಮ್ಮನ ಮಗ ಹುಲಿಗೇಶ ಸಮಿತಿಯ ಕಾರ್ಯದರ್ಶಿ. ಅವನ ಮುಖ ಕಪ್ಪಿಟ್ಟಿತು.

“ಇಡೀ ರಾಶಿ ದನಕ್ಕ ಹಾಕಬೇಕೇನು ಈಗ?” ಎಂದ ಬಸವಲಿಂಗ. “ಊರ ಮಂದಿ ಉಪಾಸ ಬಿದ್ರ ಪಾಪ ಯಾರಿಗೆ, ಚಿಗವ್ವ? ನಿನ್ನವು ನೀನ ಆರಿಸ್ಕೋ.”

ಆಕೆ ಧೋತರದ ಅಂಚಿನಲ್ಲಿ ಕುಳಿತಳು. ಊರೆಲ್ಲ ನಿಂತು ನೋಡಿತು. ಆಕೆಯ ರೊಟ್ಟಿ ಉಂಡು ಬೆಳೆದವರೇ “ಆ ಕಡಿ ನೋಡಬೇ, ಕೆಳಗ ನೋಡು” ಎಂದು ದಾರಿ ತೋರಿಸಿದರು. ಒಂದೊಂದೇ ಎಳೆದು ಬುಟ್ಟಿಗೆ ಹಾಕಿದಳು. ಕೊನೆಗೆ ಒಂದನ್ನು ಬೇಕೆಂದೇ ಗ್ಯಾನಮ್ಮನ ರೊಟ್ಟಿಗಳ ನಡುವೆ ಬಿಟ್ಟು, “ಮುಗದ್ವು” ಎಂದು ಎದ್ದಳು. ಒಂದೇ ಒಂದು. ಅಷ್ಟಿದ್ದರೆ ಸಾಕಿತ್ತು.

“ಖರೇನ ಮುಗದಾವೇನು?” ಬಸವಲಿಂಗ ಗ್ಯಾನಮ್ಮನತ್ತ ತಿರುಗಿದ. “ನೀ ನೋಡವಾ. ಕಲಿಸಿದಾಕಿ ನೀ ಅಲ್ಲೇನು?”

ಗ್ಯಾನಮ್ಮ ಮಗನ ಮುಖ ನೋಡಿದಳು. ಗೆಳತಿಯ ಮುಖ ನೋಡಲಿಲ್ಲ. ಬಗ್ಗಿ, ತನ್ನ ರೊಟ್ಟಿಗಳ ನಡುವಿನಿಂದ ಆ ಒಂದನ್ನು ಎಳೆದು ಬುಟ್ಟಿಗೆ ಎಸೆದಳು. ಅದು ಮುರಿಯಿತು.

“ಕಳ್ಳಿ,” ಎಂದಳು, ಎಲ್ಲರಿಗೂ ಕೇಳುವಂತೆ.

ಜನ ನಕ್ಕರು. ಭಾಷಣಕಾರನೂ ನಕ್ಕು ಮೈಕ್ ಹಿಡಿದ. “ಆಗಲಿ, ನಾವೆಲ್ಲರೂ ಒಂದೇ.”

“ಬುಟ್ಟಿ ಹೊರಗಿಟ್ಟು ಬಾ ಚಿಗವ್ವ,” ಎಂದ ಬಸವಲಿಂಗ, ಅಕ್ಕರೆಯಿಂದಲೇ. “ಮುಂದಿನ ಸಾಲಿನ್ಯಾಗ ಕೂಡ್ರು. ಪೇಪರಿನವ್ರು ಫೋಟೋ ತಗೀತಾರ, ನಿಮ್ಮವರದೊಂದು ಮಾರಿ ಬೇಕು.”

ನಾಳೆ ಬೆಳಿಗ್ಗೆ ನೀರಿಗೆ ಇದೇ ಜನರ ಸಾಲಿನಲ್ಲಿ ಕೊಡ ಹಿಡಿದು ನಿಲ್ಲಬೇಕಾದವಳು. ಮೈಮುನಾಬಿ ಬುಟ್ಟಿ ಹೊರಗಿಟ್ಟಳು, ಸೆರಗು ತಲೆಗೆಳೆದುಕೊಂಡು ಬಂದು ಕುಳಿತಳು.

“ಸ್ವಲ್ಪ ನಗ್ರೀ,” ಎಂದ ಫೋಟೋದವನು.