ಬೋಗುಣಿಯ ಕೆಳಗಿನ ಅಣಬೆ

ನನ್ನ ಹೆಂಡತಿ ಭಾಲ್ಕಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಮಳೆ ಹಿಡಿದ ಮೇಲೆ ವಿದ್ಯಾರ್ಥಿಗಳನ್ನು ಬೀದರ್ ಹತ್ತಿರದ ಕಾಡಿಗೆ ಕರೆದೊಯ್ದು ಅಣಬೆ ಗುರುತಿಸಲು ಹೇಳಿಕೊಡುವುದು ಅವಳ ರೂಢಿ. ಬೀದರ್ ಪಕ್ಕದ ಕೊಳಾರದಲ್ಲಿರುವ ನಮ್ಮ ಕಾರ್ಖಾನೆಗೆ ರಜೆಯಿದ್ದ ದಿನ ನಾನೂ ಬುಟ್ಟಿ ಹಿಡಿದು ಹೊರಟೆ. ವಿದ್ಯಾರ್ಥಿಗಳು ನನ್ನನ್ನೂ ಸರ್ ಎನ್ನತೊಡಗಿದರು. ನಾನು ತಿದ್ದಲು ಹೋಗಲಿಲ್ಲ.

ಅವರೆಲ್ಲ ಕೊಳೆತ ದಿಮ್ಮಿಗಳ ಮೇಲೆ ಬಗ್ಗಿ, ಉಗುರಿನಷ್ಟು ಅಣಬೆಗಳನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದರು. ಅಷ್ಟು ಚಿಕ್ಕದರಿಂದ ಯಾರ ಹೊಟ್ಟೆಯೂ ತುಂಬದು ಎನ್ನಿಸಿ ನಾನು ಕಾಡಿನಂಚಿಗೆ ಬಂದೆ. ಅಲ್ಲಿ ಹುಲ್ಲಿನ ನಡುವೆ ಊಟದ ತಟ್ಟೆಯಷ್ಟು ಅಗಲದ ಬಿಳಿ ಅಣಬೆಗಳಿದ್ದವು. ಫೋಟೋ ತೆಗೆದು ಮೊಬೈಲಿನ ಆ್ಯಪಿಗೆ ತೋರಿಸಿದೆ. ತಿನ್ನಬಹುದು, ರುಚಿಯೂ ಚೆನ್ನ ಎಂದಿತು. ಹೆಂಡತಿಗೆ ತೋರಿಸುವ ಮೊದಲೇ ಔರಾದಿನ ಅಕ್ಕನಿಗೆ ಫೋನ್ ಮಾಡಿ ರಾತ್ರಿ ಊಟಕ್ಕೆ ಕರೆದುಬಿಟ್ಟೆ.

ಹೆಂಡತಿ ಅಣಬೆಯನ್ನು ತಿರುವಿದಳು, ಮೂಸಿದಳು, ಕಾಂಡದ ಉಂಗುರವನ್ನು ಮೇಲೆ ಕೆಳಗೆ ಸರಿಸಿದಳು.

"ಮೊಬೈಲ್ ಊಟಕ್ಕ ಕುಂದ್ರಂಗಿಲ್ರಿ. ಕುಂದ್ರೋರು ನಾವು," ಎಂದಳು.

ಬೀಜಕಣದ ಬಣ್ಣ ನೋಡದೆ ಒಲೆ ಹಚ್ಚುವಂತಿಲ್ಲ ಎಂದು ತೀರ್ಮಾನವಾಯಿತು. ಮನೆಗೆ ಬಂದು ಒಂದು ಅಣಬೆಯ ಕೊಡೆ ಕತ್ತರಿಸಿ, ಗೆರೆಗಳ ಭಾಗ ಕೆಳಗಾಗುವಂತೆ ಬಿಳಿ ಹಾಳೆಯ ಮೇಲಿಟ್ಟು ಬೋಗುಣಿ ಮುಚ್ಚಿದಳು. ಸಂಜೆ ಅಕ್ಕ ಜೋಳದ ರೊಟ್ಟಿ ಕಟ್ಟಿಕೊಂಡೇ ಬಂದಳು. ಬೋಗುಣಿಯ ಮುಂದೆ ಕುಳಿತು, ಇದು ಬೇಯಲು ಎಷ್ಟು ಹೊತ್ತು ಬೇಕು ಎಂದು ಕೇಳಿದಳು. ಬೇಯುತ್ತಿಲ್ಲ, ಬೀಜಕಣದ ಪುಡಿ ಉದುರಿಸುತ್ತಿದೆ ಎಂದು ಹೆಂಡತಿ ವಿವರಿಸಿದಳು. ಪುಡಿ ಬೆಳ್ಳಗಿದ್ದರೂ ಇನ್ನೂ ಪರೀಕ್ಷಿಸಬೇಕು, ಹಸಿರಾಗಿದ್ದರಂತೂ ಖಂಡಿತ ವಿಷದ ಜಾತಿ ಎಂದಳು. ಅಕ್ಕ ಬದನೆಕಾಯಿ ಪಲ್ಯದಲ್ಲಿ ರೊಟ್ಟಿ ಮುಗಿಸಿ ನಮ್ಮಲ್ಲೇ ಉಳಿದಳು.

ಬೆಳಿಗ್ಗೆ ಬೋಗುಣಿ ಎತ್ತಿದಾಗ ಹಾಳೆಯ ಮೇಲೆ ರಂಗೋಲಿಯಂಥ ಅಚ್ಚು ಮೂಡಿತ್ತು, ಮಂಕು ಹಸಿರು ಬಣ್ಣದಲ್ಲಿ. ಅಕ್ಕ ಹಾಳೆ ನೋಡಿದಳು, ನನ್ನನ್ನು ನೋಡಿದಳು.

"ಇರಾಕಿ ಒಬ್ಬಾಕಿ ಅಕ್ಕ ಇದ್ದೇನಿ. ಹಿಂಗ ಊಟಕ್ಕ ಕರೀತಾರೇನಪಾ?"

ಹೆಂಡತಿಗೆ ಮಾತ್ರ ಖುಷಿಯೋ ಖುಷಿ. ಇಷ್ಟು ಸ್ಪಷ್ಟವಾದ ಅಚ್ಚು ಅವಳಿಗೆ ಆವರೆಗೂ ಸಿಕ್ಕಿರಲಿಲ್ಲವಂತೆ. ಅದನ್ನು ಕಾಲೇಜಿಗೆ ಒಯ್ದು, ಸಂಗ್ರಹಿಸಿದವನು ನಾನೆಂದು ತರಗತಿಯಲ್ಲಿ ಗೌರವದಿಂದಲೇ ಹೇಳಿದಳು. ಅಕ್ಕ ಔರಾದಿನಲ್ಲಿ ಹೇಳಿದ್ದು ಬೇರೆ ಥರ. ಈಗ ಮನೆಗೆ ಬರುವ ನೆಂಟರು, ನಾನು ಏನೇ ಬಡಿಸಿದರೂ, ಮೊದಲು ನನ್ನ ಹೆಂಡತಿಯ ಮುಖ ನೋಡುತ್ತಾರೆ.