ಸ್ಮಾರಕದಲ್ಲಿ ಅಡಿಗೆಯವನಿಗೆ ಜಾಗವಿಲ್ಲವೇ?

ಬಿಸಿ ಅನ್ನ ಎಲೆಯ ಮೇಲಿದ್ದೂ ಉಣ್ಣಲಾಗದೆ ಕೂತದ್ದುಂಟೇ ನೀವು? ಕಳೆದ ಭಾನುವಾರ ಇಲ್ಲಿ ಪುಣೆಯಲ್ಲಿ ಒಂದು ಪಂಕ್ತಿಗೆ ಪಂಕ್ತಿಯೇ ಹಾಗೆ ಕೂತಿತ್ತು. ಅದರಲ್ಲಿ ನಾನೂ ಇದ್ದೆ.

ಕೂಡಿದವರು ಕರಾವಳಿಯ ಒಂದೇ ಊರಿನವರು. (ನಾನು ಧಾರವಾಡದವನು. ಪತ್ರಿಕೆಗೆ ಬರೆಯುತ್ತೇನೆಂದು ಅವರು ಕರೆದಿದ್ದರು, ಊಟವಿದೆಯೆಂದು ನಾನು ಹೋಗಿದ್ದೆ.) ಹೋಟೆಲಿನ ಮಂಜುನಾಥಯ್ಯನವರ ಮನೆಯಲ್ಲಿ ಮೀಟಿಂಗು. ವಿಷಯ, ಅವರೂರಿನ ಯುದ್ಧಸ್ಮಾರಕ.

ಅದರ ಕಥೆ ಇಷ್ಟು. ಹಿಂದಿನ ಮಹಾಯುದ್ಧ ಮುಗಿದ ಮೇಲೆ ಸರಕಾರ ಸಮುದ್ರದ ದಂಡೆಯಲ್ಲಿ ಒಂದು ಕಂಬ ನಿಲ್ಲಿಸಿತು. ನೆತ್ತಿಯ ಮೇಲೆ ಇಂಗ್ಲೆಂಡಿನ ಚಕ್ರವರ್ತಿಯ ಹೆಸರು, ಗೇಣುದ್ದದ ಅಕ್ಷರ. ಕೆಳಗೆ ಸತ್ತ ಸಿಪಾಯಿಗಳ ಹೆಸರು, ಕಡಲೆಕಾಳಿನಷ್ಟು. ಉಪ್ಪುಗಾಳಿಗೆ ಅದೂ ಸವೆದುಹೋಯಿತು. ಈಗ ಇನ್ನೊಂದು ಯುದ್ಧವೂ ಮುಗಿಯಿತಲ್ಲ, ಹಳೆಯ ಹೆಸರುಗಳ ಜೊತೆ ಹೊಸವನ್ನೂ ಸೇರಿಸಿ ಬೇರೆ ಕಲ್ಲು ನಿಲ್ಲಿಸಬೇಕು. ಇಲ್ಲೇ ಹತ್ತಿರದ ಕಾತ್ರಜದ ಕಲ್ಲುಕುಟಿಗನಿಗೆ ಹೇಳಿಯೂ ಆಗಿದೆ.

ಮಂಜುನಾಥಯ್ಯನವರ ಹೆಂಡತಿ ರುಕ್ಮಿಣಿಯಮ್ಮ ಕೇಳಿದ್ದು ಒಂದೇ, ತನ್ನ ಅಣ್ಣ ಗಣಪಯ್ಯನ ಹೆಸರೂ ಇರಲಿ ಎಂದು. ಗಣಪಯ್ಯ ಮೊದಲ ಯುದ್ಧದಲ್ಲಿ ಪಲ್ಟಣಿನ ಅಡಿಗೆಯವನಾಗಿ ಬಸ್ರಾಕ್ಕೆ ಹೋದವನು. ಅಲ್ಲೇ, ಒಲೆಯ ಮುಂದೆ ತೋಪಿನ ಗುಂಡು ಬಿದ್ದು ಸತ್ತ. ಸಮುದ್ರ ದಾಟಿದವನೆಂದು ಊರಿನ ಪುರೋಹಿತರು ಶ್ರಾದ್ಧ ಮಾಡಿಸಲಿಲ್ಲ. ಸೌಟು ಹಿಡಿದವನೆಂದು ಸರಕಾರ ಕಂಬಕ್ಕೆ ಸೇರಿಸಲಿಲ್ಲ. ಅಂಥ ಒಬ್ಬ ಅಣ್ಣ ಇದ್ದ ಎನ್ನುವುದಕ್ಕೆ ಭೂಮಿಯ ಮೇಲೆ ಒಂದು ಗುರುತೂ ಇಲ್ಲ.

ಕಮಿಟಿಯ ಸೆಕ್ರೆಟರಿ ವಕೀಲರು. ಕಾಯದೆ ಬಲ್ಲವರು. ಸಿಪಾಯಿ ಬೇರೆ, ಅಡಿಗೆಯವ ಬೇರೆ, ಅಲ್ಲದೆ ಕಲ್ಲಿನಲ್ಲಿ ಜಾಗವೂ ಇಲ್ಲ ಎಂದು ತೀರ್ಪು ಕೊಟ್ಟು ಎಲೆಯ ಮುಂದೆ ಕೂತರು.

ಅನ್ನ ಬಂತು, ತೊವ್ವೆ ಬಂತು. ತುಪ್ಪ ಬರಲಿಲ್ಲ. ಅನ್ನಕ್ಕೆ ತುಪ್ಪ ಬೀಳದೆ ಪಂಕ್ತಿಯಲ್ಲಿ ಯಾರೂ ಕೈ ಹಚ್ಚುವಂತಿಲ್ಲ, ನಿಮಗೆ ಗೊತ್ತೇ ಇದೆ. ರುಕ್ಮಿಣಿಯಮ್ಮ ಸಾಸವಡದಿಂದ ತರಿಸಿದ ತುಪ್ಪದ ಗಿಂಡಿ ಹಿಡಿದು ಬಾಗಿಲಲ್ಲೇ ನಿಂತರು. ಗಂಡ ಕಣ್ಣಲ್ಲೇ ಗದರಿದರು. ಅವರು ಕದಲಲಿಲ್ಲ.

“ಅಡಿಗೆಯವ ಲೆಕ್ಕಕ್ಕಿಲ್ಲ ಅಂದ್ರಲ್ಲ. ಇವತ್ತು ಬೇಯ್ಸಿದ್ದೂ ಅಡಿಗೆಯವ್ಳೇ. ಅಣ್ಣನ ಹೆಸ್ರು ಬರೀರಿ, ತುಪ್ಪ ಬಡಿಸ್ತೆ.”

ವಕೀಲರು ಮತ್ತೆ ಜಾಗದ ಮಾತೆತ್ತಿದರು. ಚಕ್ರವರ್ತಿಯ ಹೆಸರೇ ಕಾಲು ಕಲ್ಲನ್ನು ನುಂಗುತ್ತದೆ, ಏನು ಮಾಡೋಣ ಎಂದರು.

“ಅವ ಯಂತಕ್ಕೆ ಅಲ್ಲಿ? ಅವ ಸತ್ತಿದ್ನಾ?”

ನನಗಂತೂ ಎದ್ದು ಆಕೆಯ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಪಂಕ್ತಿಯಿಂದ ನಡುವೆ ಏಳುವಂತಿಲ್ಲವಲ್ಲ, ಕೂತಲ್ಲಿಂದಲೇ ಅಂದೆ: “ಬರದುಬಿಡ್ರಿ ವಕೀಲರ, ಅನ್ನ ಆರಲಿಕ್ಕತ್ತದ.”

ಕಲ್ಲಿನ ನಕ್ಷೆ ತರಿಸಿ ಬರೆದರು. ಗಣಪಯ್ಯ ಒಳಗೆ, ಚಕ್ರವರ್ತಿ ಹೊರಗೆ. ಆಮೇಲೆ ತುಪ್ಪ ಬಿತ್ತು.

ಮರುದಿನ ವಕೀಲರು ನನ್ನ ಮನೆಗೇ ಬಂದು ಪೇಚಾಡಿದರು. ಕಲೆಕ್ಟರ್ ಸಾಹೇಬರು ಪರ್ಮಿಶನ್ ಕೊಡದಿದ್ದರೆ?

ಕೊಡದಿರಲಿ. ಕಲ್ಲು ನಮ್ಮದು, ದಂಡೆ ನಮ್ಮದು, ಸತ್ತವರು ನಮ್ಮವರು. ಆ ಯುದ್ಧವೊಂದನ್ನು ಬಿಟ್ಟರೆ ಅವರದೇನಿದೆ ಅಲ್ಲಿ?